ಲುಕ್ಕಿನ ಬಾಲಂಗೋಚಿ

ಇಂಗ್ಲಿಷ್ ಪಾಠ ಹೇಳುವವರ ಮನೆಯಲ್ಲಿ ಒಂದು ದಿನ ಗ್ಯಾಸ್ ಖಾಲಿಯಾಗಬಹುದು, ಒಂದು ದಿನ ನಲ್ಲಿ ನೀರು ನಿಲ್ಲಬಹುದು, ನಗುವುದಕ್ಕೆ ಮಾತ್ರ ಯಾವತ್ತೂ ಬರ ಇರುವುದಿಲ್ಲ. ನಾನೇನೂ ನಗಿಸುತ್ತೇನೆಂದು ಬೋರ್ಡು ಹಾಕಿಕೊಂಡು ಕೂತವಳಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆಗಿದ್ದು ರಿಟೈರ್ ಆದವಳು. ಈಗ ಅಗ್ರಹಾರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಮಾತಾಡುವ ಇಂಗ್ಲಿಷ್ ಕಲಿಸುತ್ತೇನೆ. ಕೆಳಗಡೆ ಗ್ರಂಥಿಗೆ ಅಂಗಡಿ ಇರುವುದರಿಂದ ಮೆಣಸು, ಶುಂಠಿ, ಕರ್ಪೂರದ ಘಾಟಿಗೆ ಎಲ್ಲರೂ ಸೀನುತ್ತಲೇ ಮೆಟ್ಟಿಲು ಹತ್ತುತ್ತಾರೆ. ಸೀನು ಮುಗಿದ ಮೇಲೆ ಪಾಠ ಶುರು.

ನನಗೆ ನನ್ನ ಶಿಷ್ಯರ ವಿಷಯದಲ್ಲಿ ಜಂಭ ಜಾಸ್ತಿ ಅಂತ ನಮ್ಮ ಯಜಮಾನರು ಹೇಳುತ್ತಿರುತ್ತಾರೆ. ಹೌದು, ಇದೆ. ಇರಬಾರದಾ? ದಿನವೆಲ್ಲ ದುಡಿದು, ಬಸ್ಸು ಹಿಡಿದು, ನಲವತ್ತು ದಾಟಿದ ಮೇಲೆ ಗೊತ್ತಿಲ್ಲದ ಭಾಷೆಯಲ್ಲಿ ಬಾಯಿ ಬಿಡುತ್ತಾರಲ್ಲ, ಅದೇನು ಸಣ್ಣ ಮಾತೇ? ತಪ್ಪು ಮಾತಾಡುವವರನ್ನು ಕಂಡರೆ ನನಗೆ ಅಕ್ಕರೆ. ತಪ್ಪಾದೀತೆಂದು ಬಾಯಿ ಹೊಲಿದುಕೊಂಡು ಕೂರುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ನಮ್ಮ ಕ್ಲಾಸಿನ ಮುಕ್ಕಾಲುಪಾಲು ಫಜೀತಿಗೆ ಕಾರಣ ‘ನೋಡು’ ಅನ್ನುವ ಒಂದು ಮಾತು. ಕನ್ನಡದಲ್ಲಿ ಒಂದು ‘ನೋಡು’ ಇಟ್ಟುಕೊಂಡು ಸಂಸಾರವನ್ನೇ ನಡೆಸಬಹುದು. ಹೆಣ್ಣು ನೋಡುತ್ತೇವೆ, ಕೆಲಸ ನೋಡುತ್ತೇವೆ, ಸಾರಿನ ಉಪ್ಪು ನೋಡುತ್ತೇವೆ, ಅದೂ ನಾಲಿಗೆಯಲ್ಲಿ. ಮಗುವನ್ನು ಎತ್ತಿಕೊಂಡು ‘ನಾನು ನೋಡ್ಕೋತೀನಿ ಕಣಮ್ಮ’ ಅನ್ನುವ ಬಾಯೇ ಜಗಳದಲ್ಲಿ ತೋಳೇರಿಸಿಕೊಂಡು ‘ನಿನ್ನ ನೋಡ್ಕೋತೀನಿ’ ಅನ್ನುತ್ತದೆ. ಇಂಗ್ಲಿಷಿನವರು ಹಾಗಲ್ಲ. ಲುಕ್ ಅಂತ ಒಂದು ಗಾಳಿಪಟ ಮಾಡಿಕೊಂಡು, ಅದಕ್ಕೆ ಆಫ್ಟರ್, ಓವರ್, ಔಟ್, ಇನ್ ಅಂತ ಬಗೆಬಗೆಯ ಬಾಲಂಗೋಚಿ ಕಟ್ಟಿದ್ದಾರೆ. ಬಾಲಂಗೋಚಿ ತಪ್ಪಿದರೆ ಪಟ ಹೋಗಿ ಪಕ್ಕದವರ ತಾರಸಿ ಮೇಲೆ ಬೀಳುತ್ತದೆ.

ಬೇಬಿ ಕೂರುವುದಿಲ್ಲ

ಮೊದಲ ದಿನ ಎಲ್ಲರೂ ಎದ್ದು ನಿಂತು ತಾವು ಏನು ಮಾಡುತ್ತೇವೆ ಅಂತ ಇಂಗ್ಲಿಷಿನಲ್ಲಿ ಹೇಳಬೇಕು, ಅದು ನಮ್ಮ ಕ್ಲಾಸಿನ ಪದ್ಧತಿ. ಶ್ರೀರಾಂಪುರದಿಂದ ಬಂದಿದ್ದ ಹೆಂಗಸು ಎದ್ದು, ಸೆರಗು ಸರಿಮಾಡಿಕೊಂಡು, ಗಟ್ಟಿಯಾಗಿ ಹೇಳಿದಳು: “ಐ ಆಮ್ ಬೇಬಿ. ಸಿಟ್ಟಿಂಗ್.”

ಹಿಂದಿನ ಬೆಂಚಿನಲ್ಲಿ ಮೇಟಗಳ್ಳಿಯ ಒಂದು ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು ಇದ್ದರು. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ವಿನಯ. ಅವರು “ನೋ ನೋ ಸಿಸ್ಟರ್, ಯು ಆರ್ ಸ್ಟ್ಯಾಂಡಿಂಗ್” ಅಂದರು.

ಆಕೆ ಮುಖ ಸಣ್ಣ ಮಾಡಿಕೊಳ್ಳಲಿಲ್ಲ. “ಅದೇ ಕಣ್ರಣ್ಣ, ನನ್ ಕೆಲ್ಸದ್ ಎಸ್ರೇ ಅದು, ಬೇಬಿ ಸಿಟ್ಟಿಂಗ್. ಯಾರ್ ಮಡಗುದ್ರೋ ಆ ಎಸ್ರ. ಇಷ್ಟ್ ವರ್ಸದಲ್ಲಿ ಒಂದ್ ಬೇಬೀನಾದ್ರೂ ಕೂತ್ಕೊಂಡಿದ್ದು ನಾ ಕಾಣೆ. ಕೂತ್ಕೊಳಾಕೆ ನಂಗೂ ಬುಡಕಿಲ್ಲ” ಅಂದಳು.

ಆ ಕ್ಷಣದಿಂದಲೇ ಆಕೆ ನನಗೆ ಅಚ್ಚುಮೆಚ್ಚು. ನಂಜನಗೂಡು ರಸ್ತೆ ಕಡೆಯ ಹಳ್ಳಿಯ ಒಕ್ಕಲು ಮನೆತನದ ಹೆಣ್ಣುಮಗಳು. ಶ್ರೀರಾಂಪುರದ ಬಡಾವಣೆಯಲ್ಲಿ ಒಂದು ಬಾಡಿಗೆ ಮನೆ ಹಿಡಿದು, ಇಬ್ಬರು ಆಯಾಗಳನ್ನು ಇಟ್ಟುಕೊಂಡು, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುತ್ತಿದ್ದಳು. ಈಗ ಮನೆಯ ಓನರು ಹಳೇ ಮನೆ ಕೆಡವಿ ಮೂರು ಅಂತಸ್ತು ಕಟ್ಟಿಸುತ್ತೇನೆ, ಖಾಲಿ ಮಾಡಿ ಅಂದಿದ್ದರು. ಬೇರೆ ಕಡೆ ಮನೆ ಕೇಳಿದರೆ, ಮಕ್ಕಳ ಗಲಾಟೆ ಅಂದ ಕೂಡಲೇ ಯಾರೂ ಕೊಡುತ್ತಿರಲಿಲ್ಲ. ಅಷ್ಟರಲ್ಲಿ ಒಂದು ಸುದ್ದಿ ಬಂತು. ಮೇಟಗಳ್ಳಿಯ ಒಂದು ಫ್ಯಾಕ್ಟರಿಯವರು ತಮ್ಮ ಹೆಣ್ಣು ನೌಕರರ ಮಕ್ಕಳಿಗೆ ಅಂತ ಶಿಶುಮಂದಿರ ಕಟ್ಟಿಸುತ್ತಿದ್ದಾರೆ, ನಡೆಸುವವರನ್ನು ಹುಡುಕುತ್ತಿದ್ದಾರೆ ಅಂತ. ಆದರೆ ಅದನ್ನು ತೀರ್ಮಾನಿಸುವ ಆಫೀಸರು ಉತ್ತರದ ಕಡೆಯವರು, ಎಲ್ಲ ಇಂಗ್ಲಿಷಿನಲ್ಲೇ. ಅದು ಸಿಕ್ಕಿದರೆ ಆಕೆ ಉಳಿದಳು, ಆಯಾಗಳೂ ಉಳಿದರು. ಸಿಗದಿದ್ದರೆ ತೊಟ್ಟಿಲ ಹಗ್ಗ ಬಿಚ್ಚಿ ಅಟ್ಟಕ್ಕೆ ಹಾಕುವುದು.

“ನಂಗೆ ಮಕ್ಳ ನೋಡಾಕ್ ಬತ್ತದೆ ಮಿಸ್. ಅದ್ನ ಇಂಗ್ಲಿಷ್ನಾಗ್ ಏಳಾಕ್ ಬರಕಿಲ್ಲ, ಅಷ್ಟೇಯ. ಅಷ್ಟ್ ಕಲಿಸ್ಬುಡಿ” ಅಂದಳು.

ಅಷ್ಟು ತಾನೇ, ಬಿಡಮ್ಮ, ಕಲಿಸೋಣ ಅಂದೆ. ಆ ‘ಅಷ್ಟು’ ಎಷ್ಟು ಅಂತ ನನಗೆ ಆಗ ಗೊತ್ತಿರಲಿಲ್ಲ.

ಪ್ರಾಮಾಣಿಕ ಬೋರ್ಡು

ಒಂದು ಭಾನುವಾರ ಆಕೆಯ ಕೇಂದ್ರ ನೋಡಿಕೊಂಡು ಬರೋಣ ಅಂತ ಶ್ರೀರಾಂಪುರಕ್ಕೆ ಹೋದೆ. ಗೇಟಿನ ಮೇಲೆ ಹಳದಿ ಬಣ್ಣದ ಹೊಸ ಬೋರ್ಡು, ಎರಡು ಕಡೆ ಗಿಳಿ, ನಡುವೆ ದಪ್ಪ ಇಂಗ್ಲಿಷ್ ಅಕ್ಷರ: ‘ವಿ ಓವರ್‌ಲುಕ್ ಯುವರ್ ಚಿಲ್ಡ್ರನ್’.

ನನ್ನ ಕಾಲು ಅಲ್ಲೇ ನಿಂತಿತು. ಅಂದರೆ ‘ನಿಮ್ಮ ಮಕ್ಕಳನ್ನು ನಾವು ಕಂಡೂ ಕಾಣದ ಹಾಗೆ ಬಿಟ್ಟುಬಿಡುತ್ತೇವೆ’ ಅಂತ.

“ಲುಕ್ ಆಫ್ಟರ್ ಅಂತ ಹೇಳಿಕೊಟ್ಟಿದ್ದೆನಲ್ಲಮ್ಮ” ಅಂದೆ.

“ಅದ್ ಬ್ಯಾಡ ಅನ್ನುಸ್ತು ಮಿಸ್. ಆಫ್ಟರ್ ಅಂದ್ರೆ ಆಮ್ಯಾಕೆ ಅಲ್ವಾ? ನಿಮ್ ಮಕ್ಳ ಆಮ್ಯಾಕ್ ನೋಡ್ಕೋತೀವಿ ಅಂತ ಬರುದ್ರೆ ಯಾರ್ ತಂದ್ ಬುಡ್ತಾರೆ? ಓವರ್ ಅಂದ್ರೆ ಮ್ಯಾಲೆ. ಮ್ಯಾಲ್ವಿಚಾರಣೆ. ಅದಿಕ್ಕೇ ಅದ್ನೇ ಬರುಸ್ಬುಟ್ಟೆ.”

ಮೇಲ್ವಿಚಾರಣೆ ಅಂದರೆ ಎಚ್ಚರ, ಮೇಲ್ನೋಟ ಅಂದರೆ ಉಡಾಫೆ, ಎರಡರಲ್ಲೂ ‘ಮೇಲೆ’ ಇದೆ. ನಮ್ಮದೇ ಭಾಷೆ ಹೀಗೆ ಮಾಡುವಾಗ ಇಂಗ್ಲಿಷನ್ನು ಬೈಯುವುದು ಹೇಗೆ? ಓವರ್‌ಲುಕ್ ಅಂದರೆ ಏನು ಅಂತ ವಿವರಿಸಿದೆ. ಆಕೆ ನಾಲಿಗೆ ಕಚ್ಚಿಕೊಂಡಳು.

ಅಷ್ಟರಲ್ಲಿ ಮಗುವಿನ ಸ್ವೆಟರ್ ಮರೆತಿದ್ದ ಒಬ್ಬ ತಂದೆ ಬಂದರು. ಕಾಲೇಜು ಲೆಕ್ಚರರ್. ಈ ಬೋರ್ಡು ಓದಿಯೂ ಮಗುವನ್ನು ಹೇಗೆ ಬಿಟ್ಟಿರಿ ಅಂತ ಅವರನ್ನೇ ಕೇಳಿದೆ.

“ಮೇಡಂ, ನಾವು ಐದಾರು ಕಡೆ ನೋಡಿದ್ವಿ. ಎಲ್ಲರೂ ಮಾಡೋದು ಇದನ್ನೇ. ಬೋರ್ಡಲ್ಲಿ ಬರೆದು ಹಾಕಿದ್ದು ಇವರೊಬ್ಬರೇ. ನಮಗೆ ಆ ಪ್ರಾಮಾಣಿಕತೆ ಹಿಡಿಸ್ತು” ಅಂದರು.

ಕಣ್ಣು ಬಿದ್ದ ಸ್ಕೂಟರು

ಲುಕ್ಕಿನ ಸಹವಾಸ ಸಾಕು, ಕಣ್ಣಿಗೆ ಹೋಗೋಣ ಅಂತ ಮುಂದಿನ ವಾರ ‘ಕೀಪ್ ಆನ್ ಐ’ ಪಾಠ ಮಾಡಿದೆ. ಕೀಪ್ ಅಂದರೆ ಕಾವಲಿನ ಕಣ್ಣು. ‘ಹ್ಯಾವ್ ಮೈ ಐ ಆನ್’ ಅಂದರೆ ಆಸೆಯ ಕಣ್ಣು, ಅದನ್ನು ಬೇಕು ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ ಅನ್ನುವ ಅರ್ಥ. ನಮ್ಮಲ್ಲಿ ‘ಮನೆ ಕಡೆ ಒಂದು ಕಣ್ಣಿಟ್ಟಿರು’ ಅನ್ನುವುದಕ್ಕೂ ‘ಮನೆ ಮೇಲೆ ಕಣ್ಣು ಹಾಕಿದಾನೆ’ ಅನ್ನುವುದಕ್ಕೂ ಇರುವಷ್ಟೇ ವ್ಯತ್ಯಾಸ ಅಂತ ಬಿಡಿಸಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಮೀಸೆಯ ಸೆಕ್ಯೂರಿಟಿಯವರು ಎಲ್ಲರಿಗಿಂತ ಜೋರಾಗಿ ಆಡಿಸಿದರು.

ಅವರ ಅಪಾರ್ಟ್‌ಮೆಂಟಿನಲ್ಲಿದ್ದ ಒಬ್ಬರು ಪುಣೆಯವರು ಊರಿಗೆ ಹೋಗುವಾಗ ಸ್ಕೂಟರಿನ ಕೀ ಇವರ ಕೈಗೆ ಕೊಟ್ಟು, ಜೋಪಾನ ಅಂದಿದ್ದರಂತೆ. ಇವರು ಅವರಿಗೆ ಧೈರ್ಯ ಹೇಳೋಣ ಅಂತ ವಾಟ್ಸಾಪಿನಲ್ಲಿ ಕಳಿಸಿದ್ದಾರೆ: ‘ಸರ್, ಐ ಹ್ಯಾವ್ ಮೈ ಐ ಆನ್ ಯುವರ್ ಸ್ಕೂಟರ್. ಡೇ ಅಂಡ್ ನೈಟ್.’

ಸರ್ ಆ ಕಡೆಯಿಂದ ಬರೆದಿದ್ದಾರೆ: ‘ಮೊದಲೇ ಹೇಳಬಾರದಿತ್ತಾ? ನನಗೂ ಆ ಹಳೇ ಗಾಡಿ ಸಾಗಹಾಕಿದರೆ ಸಾಕಾಗಿದೆ. ಕೀ ನಿಮ್ಮ ಹತ್ತಿರವೇ ಇದೆಯಲ್ಲ, ನೀವೇ ಇಟ್ಕೊಂಡುಬಿಡಿ.’

ಮುಂದಿನ ಕ್ಲಾಸಿಗೆ ಅವರು ಬಸ್ಸಿನಲ್ಲಿ ಬರಲಿಲ್ಲ, ಸ್ಕೂಟರಿನಲ್ಲಿ ಬಂದರು. ತಪ್ಪು ಎಲ್ಲಾಯಿತು ಅಂತ ನಾನು ಮತ್ತೆ ವಿವರಿಸಿದೆ. ಶ್ರದ್ಧೆಯಿಂದ ಕೇಳಿಸಿಕೊಂಡರು. ಕ್ಲಾಸು ಮುಗಿದು ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಮಿಸ್, ಮೂರನೇ ಮಹಡಿಯವರ್ದು ಒಂದು ಕಾರಿದೆ. ಅದಕ್ಕೂ ಇದೇ ವಾಕ್ಯ ನಡೆಯುತ್ತಾ?”

ಬೆನ್ನು ಜೋಪಾನ

ಇದು ನಡೆದ ದಿನ ನಾನು ಊಟಕ್ಕೆ ಕೂತಿದ್ದೆ. ಫೋನಿನಲ್ಲಿ ಯಾರೋ ಹುಡುಗಿ ಅಳುತ್ತಿದ್ದಾಳೆ, ಹಿಂದೆ ನಮ್ಮ ಶ್ರೀರಾಂಪುರದಾಕೆಯೂ ಅಳುತ್ತಿದ್ದಾಳೆ. ಇಬ್ಬರ ಅಳುವಿನ ನಡುವೆ ಒಂದು ಮಗು ಮಾತ್ರ ಕಿಲಕಿಲ ನಗುತ್ತಿದೆ. ಕೈತೊಳೆದು ಆಟೋ ಹತ್ತಿದೆ.

ಆದದ್ದು ಇಷ್ಟು. ಭೋಪಾಲಿನ ಕಡೆಯ ಒಬ್ಬ ಹುಡುಗಿ, ಮೇಟಗಳ್ಳಿಯ ಅದೇ ಫ್ಯಾಕ್ಟರಿಯಲ್ಲಿ ಎಂಜಿನಿಯರ್, ಹೆರಿಗೆ ರಜೆ ಮುಗಿಸಿ ಮೊದಲ ದಿನ ಮಗುವನ್ನು ಇಲ್ಲಿ ಬಿಟ್ಟು ಕೆಲಸಕ್ಕೆ ಹೋಗಿದ್ದಳು. ಹೋಗುವಾಗ ಗೇಟಿನ ಹತ್ತಿರ ನಿಂತು ತಿರುತಿರುಗಿ ನೋಡಿ ಕಣ್ಣೊರೆಸಿಕೊಂಡಳಂತೆ. ನಮ್ಮಾಕೆಗೆ ಕರುಳು ಚುರುಕ್ ಅಂದಿದೆ. ಹೆದರಬೇಡ ತಾಯಿ, ನಿನ್ನ ಬೆನ್ನಿಗೆ ನಾನಿದ್ದೀನಿ ಅಂತ ಒಂದು ಮಾತು ಕಳಿಸೋಣ ಅಂತ, ನಾನು ಹೇಳಿಕೊಟ್ಟಿದ್ದ ‘ಐ ಗಾಟ್ ಯುವರ್ ಬ್ಯಾಕ್’ ನೆನಪಿಸಿಕೊಂಡಿದ್ದಾಳೆ. ಬ್ಯಾಕ್ ನೆನಪಾಗಿದೆ, ಉಳಿದದ್ದು ಆಗಿಲ್ಲ. ಆ ಹುಡುಗಿಯ ಫೋನಿಗೆ ಹೋಗಿದ್ದ ಮೆಸೇಜು ಇದು:

‘ಮೇಡಂ, ವಾಚ್ ಯುವರ್ ಬ್ಯಾಕ್. ಐ ಆಮ್ ಬಿಹೈಂಡ್ ಯು. ಯುವರ್ ಬೇಬಿ ಈಸ್ ವಿತ್ ಮಿ.’

ಬೆನ್ನ ಹಿಂದೆ ಹುಷಾರು, ಮಗು ನನ್ನ ಕೈಲಿದೆ ಅನ್ನುವ ಬೆದರಿಕೆ ಓದಿದರೆ ಹಡೆದ ಹೊಟ್ಟೆ ತಡೆಯುತ್ತದೆಯೇ? ಮೀಟಿಂಗಿನ ನಡುವೆ ಎದ್ದು, ಸಿಕ್ಕಿದ ಆಟೋ ಹತ್ತಿ, ಉಸಿರು ಕಟ್ಟಿಕೊಂಡು ಓಡಿ ಬಂದಿದ್ದಾಳೆ. ಬಂದು ನೋಡಿದರೆ ಮಗು ನಮ್ಮಾಕೆಯ ಮಡಿಲಲ್ಲಿ ಮಲಗಿ ಬಳೆ ಜಗ್ಗುತ್ತಾ ಆಡುತ್ತಿದೆ. ನಾನು ಹೋಗಿ ಇಬ್ಬರಿಗೂ ಅರ್ಥ ಬಿಡಿಸಿ ಹೇಳುವ ಹೊತ್ತಿಗೆ ಅಳು ನಗುವಾಯಿತು, ನಗು ಮತ್ತೆ ಅಳುವಾಯಿತು. ಆ ಹುಡುಗಿ ನಮ್ಮಾಕೆಯನ್ನು ತಬ್ಬಿಕೊಂಡು, ನಮ್ಮಮ್ಮನೂ ಹೀಗೇ ಮಡಿಲಲ್ಲಿ ಮಲಗಿಸಿಕೊಳ್ಳುತ್ತಿದ್ದರು ಅಂತ ಹಿಂದಿಯಲ್ಲಿ ಹೇಳಿದಳು. ನಮ್ಮಾಕೆಗೆ ಹಿಂದಿ ಬರುವುದಿಲ್ಲ. ಆದರೂ ಹೂಂ ಹೂಂ ಅಂತ ಬೆನ್ನು ಸವರಿದಳು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳೇಕೆ ಹೇಳಲಿ.

ಆ ಹುಡುಗಿಯೇ ಫ್ಯಾಕ್ಟರಿಯ ಆಫೀಸರ ಹತ್ತಿರ ಹೋಗಿ, ಶಿಶುಮಂದಿರ ನಡೆಸುವುದಕ್ಕೆ ಇಂಥವರೊಬ್ಬರಿದ್ದಾರೆ, ದಯವಿಟ್ಟು ಒಂದು ಸಲ ನೋಡಿ ಅಂದಳು. ತನ್ನ ಗೆಳತಿಯರಿಗೂ ಇದೇ ಜಾಗ ಹೇಳಿದಳು, ಒಂದು ಎಚ್ಚರಿಕೆಯ ಜೊತೆಗೆ: “ಮೊದಲನೇ ದಿನ ಒಂದು ಬೆದರಿಕೆ ಬರುತ್ತೆ. ಹೆದರಬೇಡಿ, ಅದು ಅವರ ಪ್ರೀತಿ.”

ಎಲ್ಲಿಂದ ನೋಡ್ತಾವ್ರೆ

ಫ್ಯಾಕ್ಟರಿಯಿಂದ ಫೋನ್ ಬಂತು. ಆ ಸಂಜೆ ಆಕೆ ಕ್ಲಾಸಿಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಸೆರಗನ್ನು ಹೆಗಲು ತುಂಬ ಹೊದ್ದುಕೊಂಡಿದ್ದಳು. ಏನಾಯ್ತಮ್ಮ ಅಂದರೆ, ಮೊದಲು ನಮ್ಮ ಕೋಣೆಯ ಕಿಟಕಿ ಮುಚ್ಚಿದಳು.

“ಮಿಸ್, ಫ್ಯಾಕ್ಟ್ರಿ ಆಪೀಸ್ರು ಏನಂದ್ರು ಗೊತ್ತಾ? ವಿ ಆರ್ ಲುಕಿಂಗ್ ಅಟ್ ಯು ಅಂದ್ರು. ಎಲ್ಲಿಂದ ನೋಡ್ತಾವ್ರೆ ಮಿಸ್? ಕ್ಯಾಮ್ರಾ ಎಲ್ಲಾರ ಮಡಗವ್ರಾ? ನಾ ಬೆಳಿಗ್ಗಿಂದ ಮನೆ ಪರದೆ ಎಲ್ಲ ಇಳಿಬುಟ್ಟಿವ್ನಿ.”

ಹಾಗಲ್ಲಮ್ಮ, ಈ ಕೆಲಸಕ್ಕೆ ನಿನ್ನ ಹೆಸರು ಯೋಚನೆ ಮಾಡ್ತಿದ್ದಾರೆ ಅಂತ ಅರ್ಥ ಅಂದೆ. ಆಕೆ ಉಸಿರು ಬಿಟ್ಟಳು. ಆದರೆ ಇನ್ನೊಂದು ದೊಡ್ಡ ಸಂಸ್ಥೆಯನ್ನೂ ಅವರು ನೋಡುತ್ತಿದ್ದಾರೆ ಅಂತ ಭೋಪಾಲಿನ ಹುಡುಗಿ ಹೇಳಿದ್ದಳಂತೆ. ಅವರಿಗೆ ಊರೂರಲ್ಲಿ ಶಾಖೆ, ಆಯಾಗಳಿಗೆ ಯೂನಿಫಾರಂ, ಎಲ್ಲರದ್ದೂ ಪಟಪಟ ಇಂಗ್ಲಿಷು.

“ಅವ್ರ ಮುಂದೆ ನಾನ್ ಎಲ್ ಗೆಲ್ತೀನಿ ಬುಡಿ ಮಿಸ್” ಅಂದಳು. ಆಕೆ ಹಾಗೆ ಕುಗ್ಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಸಿಟ್ಟು ಬಂತು. ಗೆಲ್ಲದೆ ಏನು, ನನ್ನ ಶಿಷ್ಯೆ ನೀನು ಅಂತ ಗದರಿದೆ.

ಆಗ ಸ್ವಲ್ಪ ಧೈರ್ಯ ಬಂತು ಅಂತ ಕಾಣುತ್ತದೆ. “ಸರಿ ಮಿಸ್. ಆದ್ರೆ ಯೋಚ್ನೆ ಮಾಡೋರು ಯೋಚ್ನೆ ಅಂತ್ಲೇ ಅನ್ಬೇಕಪ್ಪ. ಹೆಂಗುಸ್ರಿಗೆ ಫೋನ್ ಮಾಡಿ ನೋಡ್ತಾ ಇವ್ನಿ ಅಂದ್ರೆ ನಮ್ಮೂರಲ್ಲಿ ಎಕ್ಕಡ ಬರ್ತದೆ” ಅಂದಳು.

ಕಿಟಕಿ ದರ್ಶನ

ಕೊನೆಗೆ ಆಫೀಸರು ಗುರುವಾರ ಬರುತ್ತೇನೆ ಅಂದರು. ಹಾಗಂತ ನೇರವಾಗಿ ಹೇಳಿದ್ದರೆ ನನ್ನ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಅವರು ಹೇಳಿದ್ದು ‘ಐ ವಿಲ್ ಲುಕ್ ಇನ್ ಆನ್ ಥರ್ಸ್‌ಡೇ’ ಅಂತ. ಹಾಗೇ ಒಂದು ಗಳಿಗೆ ಬಂದು ಹೋಗುತ್ತೇನೆ ಅಂತ ಅದರ ಅರ್ಥ. ನಮ್ಮಾಕೆ ಲುಕ್ ಇನ್ ಅಂದರೆ ಒಳಗೆ ಇಣುಕಿ ನೋಡುವುದು ಅಂದುಕೊಂಡಳು. ದೊಡ್ಡ ಮನುಷ್ಯರು, ಮಕ್ಕಳಿರುವ ಮನೆಗೆ ಚಪ್ಪಲಿ ಬಿಟ್ಟು ಬರಲು ಬೇಜಾರೇನೋ, ಹೊರಗಿಂದಲೇ ನೋಡಿ ಹೋಗುತ್ತಾರೆ ಅಂತ ತೀರ್ಮಾನಿಸಿ, ಪರದೆಗಳನ್ನೆಲ್ಲ ಬಿಚ್ಚಿ, ಕಿಟಕಿಗಳನ್ನೆಲ್ಲ ಹಾರುಹೊಡೆದು, ಬಾಗಿಲಿಗೆ ಮಾತ್ರ ಚಿಲಕ ಹಾಕಿಕೊಂಡು ಕೂತಳು.

ಬೆಂಬಲಕ್ಕೆ ಇರಲಿ ಅಂತ ನನ್ನನ್ನೂ ಕರೆದಿದ್ದಳು. ನಾನು ಆಟೋ ಇಳಿಯುವ ಹೊತ್ತಿಗೆ ಇಸ್ತ್ರಿ ಪ್ಯಾಂಟಿನ ಎತ್ತರದ ಮನುಷ್ಯರೊಬ್ಬರು ಹೂಕುಂಡಗಳ ನಡುವೆ ಒಂದು ಕಾಲಿಟ್ಟು, ಕಿಟಕಿ ಕಂಬಿ ಹಿಡಿದು ನಿಂತಿದ್ದರು. ಒಳಗಿನಿಂದ ನಮ್ಮಾಕೆ “ಕಮ್ ಸರ್, ನೆಕ್ಸ್ಟ್ ವಿಂಡೋ, ಪ್ಲೀಸ್ ಲುಕ್ ಇನ್” ಅಂತ ಉಪಚಾರ ಮಾಡುತ್ತಿದ್ದಳು. ಒಳಗಿದ್ದ ಮಕ್ಕಳೆಲ್ಲ ಕಂಬಿಯ ಹತ್ತಿರ ಬಂದು ಅವರನ್ನೇ ನೋಡುತ್ತಿದ್ದವು. ನಮ್ಮ ಮೈಸೂರಿನವರಿಗೆ ಮೃಗಾಲಯ ಹೊಸದಲ್ಲ, ಆದರೂ ಕಂಬಿಯ ಯಾವ ಕಡೆ ಯಾರಿದ್ದಾರೆ ಅಂತ ನನಗೆ ಒಂದು ಕ್ಷಣ ತಿಳಿಯಲಿಲ್ಲ.

ನಾನು ಹೋಗಿ ಕ್ಷಮೆ ಕೇಳಿ, ಬಾಗಿಲು ತೆಗೆಸಿ, ಅವರನ್ನು ಒಳಗೆ ಕರೆದುಕೊಂಡು ಬಂದೆ. ಮುಖ ಗಂಟಿಕ್ಕಿತ್ತು. ಮಕ್ಕಳ ಕುರ್ಚಿಯೇ ಇದ್ದದ್ದು, ಅದರ ಮೇಲೆ ಮೊಣಕಾಲು ಗದ್ದಕ್ಕೆ ತಾಕುವ ಹಾಗೆ ಕೂತರು. ಪ್ರಶ್ನೆ ಶುರುವಾಯಿತು. ನಾನು ಬಾಯಿ ಹಾಕುವುದಿಲ್ಲ ಅಂತ ಮಾತು ಕೊಟ್ಟಿದ್ದೆ, ಹಾಗಾಗಿ ತುಟಿ ಕಚ್ಚಿಕೊಂಡು ಮೂಲೆಯಲ್ಲಿ ನಿಂತೆ.

ಏನು ಹೇಳಲಿ, ನನ್ನ ಶಿಷ್ಯೆ ಒಂದು ಪ್ರಶ್ನೆಗೂ ಹಿಂದೆ ಸರಿಯಲಿಲ್ಲ. “ದಿಸ್ ಬೇಬಿ, ನೋ ಸ್ಲೀಪ್ ವಿತೌಟ್ ಮದರ್ ದುಪ್ಪಟ್ಟಾ. ದಿಸ್ ಬೇಬಿ, ಕ್ರೈಯಿಂಗ್ ಮೀನ್ಸ್ ಇಯರ್ ಪೇಯ್ನ್, ನಾಟ್ ಹಂಗ್ರಿ” ಅಂತ ಒಂದೊಂದು ಮಗುವಿನ ಮೇಲೂ ಕೈಯಿಟ್ಟು ಹೇಳಿದಳು. ವ್ಯಾಕರಣ ಬೀದಿಪಾಲಾಗಿತ್ತು, ನಿಜ. ನನಗೆ ಮಾತ್ರ ಎದೆ ಇಷ್ಟಗಲ ಆಯಿತು. ಆದರೆ ಆಫೀಸರ ಗಂಟು ಸಡಿಲಲಿಲ್ಲ. ನಿಮಗೆ ತರಬೇತಿ ಇಲ್ಲ, ಇಂಗ್ಲಿಷ್ ಸಾಲದು, ಮಕ್ಕಳಿಗೆ ಶಿಸ್ತು ಹೇಗೆ ಕಲಿಸುತ್ತೀರಿ ಅಂತ ಕೇಳಿದರು. ದೊಡ್ಡ ಸಂಸ್ಥೆಗೇ ಕೊಡುತ್ತಾರೆ ಅಂತ ನನಗೆ ಖಾತ್ರಿಯಾಯಿತು. ಆಕೆಗೂ ಆಯಿತು.

ಅದು ಮಕ್ಕಳ ಊಟದ ಹೊತ್ತು. ಆರಿಸಿಟ್ಟ ರಾಗಿ ಸರಿಯ ದೊಡ್ಡ ಪಾತ್ರೆ ಸ್ಟೂಲಿನ ಮೇಲಿತ್ತು. ಅಂಬೆಗಾಲಿನ ಒಂದು ಮಗು ಬಂದು ಸ್ಟೂಲಿನ ಬಟ್ಟೆ ಹಿಡಿದು ಎಳೆಯಿತು. ಪಾತ್ರೆ ವಾಲಿದ್ದನ್ನು ಮೊದಲು ಕಂಡವರು ಆಫೀಸರೇ. ಜೋಕೆ ಅನ್ನುವುದಕ್ಕೆ ಅವರ ಭಾಷೆಯಲ್ಲಿ ಹೇಗೆ ಕೂಗುತ್ತಾರೋ ಹಾಗೇ ಕೂಗಿದರು: “ಲುಕ್ ಔಟ್!”

ತಕ್ಷಣ ಕೋಣೆಯಲ್ಲಿದ್ದ ಮಕ್ಕಳೆಲ್ಲ, ಬಟ್ಟೆ ಎಳೆಯುತ್ತಿದ್ದ ಆ ಮಗುವೂ ಸೇರಿ, ಹಿಡಿದದ್ದು ಬಿಟ್ಟು ಗಿರಕ್ಕನೆ ಕಿಟಕಿಯ ಕಡೆ ತಿರುಗಿದವು. ತಿರುಗಿ, ಹೊರಗೆ ನೋಡುತ್ತಾ, ಎಲ್ಲವೂ ಒಟ್ಟಿಗೆ ಆ ಅಂತ ಬಾಯಿ ತೆರೆದವು.

ನಮ್ಮಾಕೆ ಊಟ ಮಾಡಿಸುವ ವಿಧಾನವೇ ಅದು. ಪಕ್ಕದ ಖಾಲಿ ಸೈಟಿನಲ್ಲಿ ಒಂದು ಹಸು ಮೇಯುತ್ತಿರುತ್ತದೆ. ಅಂಬಾ ನೋಡು ಅಂತ ಕಿಟಕಿಯಾಚೆ ತೋರಿಸುವುದು, ಮಗು ಬಾಯಿ ತೆರೆದ ಕೂಡಲೇ ಚಮಚ ಇಡುವುದು. ನನ್ನ ಕ್ಲಾಸಿಗೆ ಸೇರಿದ ಮೇಲೆ ಅದನ್ನೇ ಇಂಗ್ಲಿಷಿಗೆ ತಿರುಗಿಸಿ ‘ಲುಕ್ ಔಟ್’ ಮಾಡಿಕೊಂಡಿದ್ದಳು.

ಪಾತ್ರೆ ಮಕ್ಕಳ ಕಡೆ ಬೀಳದೆ ಆಫೀಸರ ಇಸ್ತ್ರಿ ಪ್ಯಾಂಟಿನ ಮೇಲೆ ಬಿತ್ತು. ಮೊಣಕಾಲಿನಿಂದ ಕಾಲುಚೀಲದವರೆಗೆ ರಾಗಿ ಸರಿ. ಅವರು ಅದನ್ನು ನೋಡಿಕೊಳ್ಳಲೇ ಇಲ್ಲ. ಬಾಯಿ ತೆರೆದುಕೊಂಡು ಸಾಲಾಗಿ ನಿಂತ ಮಕ್ಕಳನ್ನು ನೋಡುತ್ತಾ ತಾವೂ ಬಾಯಿ ತೆರೆದುಕೊಂಡು ಕೂತರು. ಆಮೇಲೆ ನಿಧಾನವಾಗಿ ಹೇಳಿದರು, ನಮ್ಮ ಫ್ಯಾಕ್ಟರಿಯಲ್ಲಿ ಸೈರನ್ ಹೊಡೆದರೂ ಯಾರೂ ಇಷ್ಟು ಬೇಗ ತಿರುಗುವುದಿಲ್ಲ ಅಂತ. ಇನ್ನೂ ಸ್ವಲ್ಪ ಹೊತ್ತಿಗೆ ದನಿ ತಗ್ಗಿಸಿ, ಮನೆಯಲ್ಲಿ ನನ್ನ ಮಗಳು ಒಂದು ತುತ್ತಿಗೆ ಬಾಯಿ ತೆರೆಯಬೇಕಾದರೆ ನಾನು ಕುಣಿಯಬೇಕು, ನೀವು ಇದನ್ನು ಹೇಗೆ ಮಾಡಿದಿರಿ ಅಂತ ಕೇಳಿದರು. ಮುಖದ ಗಂಟು ಯಾವಾಗ ಬಿಚ್ಚಿತೋ ನಾವು ಕಾಣಲಿಲ್ಲ.

ನಮ್ಮಾಕೆ ಒದ್ದೆ ಬಟ್ಟೆ ಹಿಡಿದು ಅವರ ಪ್ಯಾಂಟು ಒರೆಸಲು ಬಗ್ಗಿದಳು. ಅವರು ತಡೆದು, ಬಟ್ಟೆ ಇಸಿದುಕೊಂಡು ತಾವೇ ಒರೆಸಿಕೊಳ್ಳುತ್ತಾ ಹೇಳಿದರು: ಮುಂದಿನ ತಿಂಗಳಿಂದ ಫ್ಯಾಕ್ಟರಿಯ ಶಿಶುಮಂದಿರ ನೀವೇ ನಡೆಸಿ, ನಿಮ್ಮ ಆಯಾಗಳನ್ನೂ ಕರೆದುಕೊಂಡು ಬನ್ನಿ. ಅಲ್ಲಿನ ಕೋಣೆಯಲ್ಲಿ ಕಿಟಕಿ ಕಡಿಮೆ, ಇನ್ನೆರಡು ಒಡೆಸಿ ಕೊಡುತ್ತೇನೆ.

ನನಗೆ ಅಲ್ಲೇ ಕುಣಿಯುವಷ್ಟು ಖುಷಿ. ಆಕೆ ಮಾತ್ರ ಸೆರಗಿನ ತುದಿ ಹಿಡಿದು ಗಂಭೀರವಾಗಿ ಏನೋ ಯೋಚಿಸುತ್ತಿದ್ದಳು. ಆಮೇಲೆ ಮೇಷ್ಟ್ರ ಮುಂದೆ ಎತ್ತುವ ಹಾಗೆ ಒಂದು ಬೆರಳೆತ್ತಿ ಕೇಳಿದಳು: “ಸರ್, ವಿಂಡೋ ಓಕೆ. ಕೌ?”

ಆಫೀಸರು ಒಂದಿಷ್ಟೂ ನಗಲಿಲ್ಲ. ಜೇಬಿನಿಂದ ಫೋನು ತೆಗೆದು ಗುರುತು ಹಾಕಿಕೊಳ್ಳುತ್ತಾ, ಅದನ್ನೂ ವಿಚಾರಿಸುತ್ತೇನೆ ಅನ್ನುವ ಅರ್ಥದಲ್ಲಿ, “ಕೌ. ಯೆಸ್. ಐ ವಿಲ್ ಲುಕ್ ಇನ್‌ಟು ಇಟ್” ಅಂದರು.

ಆಕೆ ನನ್ನ ಕಡೆ ತಿರುಗಿ, ಕಣ್ಣು ಅಗಲ ಮಾಡಿ, ಗುಟ್ಟಾಗಿ ಕೇಳಿದಳು: “ಹಸೀನ್ ಒಳಗಡೆ ಏನ್ ನೋಡ್ತಾರಂತೆ ಮಿಸ್?”